ಶಿಖರ ಬೇಡ, ಸೊನ್ನೆ ಹುಡುಕಿ: ಎನ್‌ಎಂಆರ್ ಪಲ್ಸ್ ಅಳೆಯುವ ಲೆಕ್ಕ

ಇವತ್ತಿನ ಮಾತು 10 ಮೈಕ್ರೊಸೆಕೆಂಡಿನ ಬಗ್ಗೆ. ಅಂದರೆ ಒಂದು ಸೆಕೆಂಡನ್ನು ಒಂದು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಷ್ಟು ಸಣ್ಣ ಹೊತ್ತನ್ನು ಸರಿಯಾಗಿ ಅಳೆಯದೆ ಬಿಟ್ಟರೆ ಒಂದು ಔಷಧದ ಪ್ರಮಾಣ ಶೇ 17ರಷ್ಟು ಕಡಿಮೆ ಅಂತ ವರದಿ ಆಗಿಬಿಡಬಹುದು. ಅದು ಹೇಗೆ ಅನ್ನೋದನ್ನ ನಿಧಾನವಾಗಿ ನೋಡೋಣ. ಚಿತ್ರ, ಪರದೆ ಏನೂ ಬೇಡ. ಮನೆಯ ಗೋಡೆ ಗಡಿಯಾರ ಕಣ್ಣಮುಂದೆ ಬಂದರೆ ಸಾಕು.

ಯಂತ್ರದ ಹೆಸರು ಎನ್‌ಎಂಆರ್ ಸ್ಪೆಕ್ಟ್ರೋಮೀಟರ್. ಎನ್‌ಎಂಆರ್ ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. ಆಸ್ಪತ್ರೆಯಲ್ಲಿರೋ ಎಂಆರ್‌ಐ ಯಂತ್ರದ ಅಕ್ಕ ಅಂತ ಇಟ್ಟುಕೊಳ್ಳಿ. ಇಬ್ಬರದೂ ಒಂದೇ ತತ್ವ. ಎಂಆರ್‌ಐಯಲ್ಲಿ ಮನುಷ್ಯ ಅಯಸ್ಕಾಂತದೊಳಗೆ ಹೋಗ್ತಾನೆ. ಇಲ್ಲಿ ಪೆನ್ಸಿಲ್‌ಗಿಂತ ತೆಳ್ಳಗಿನ ಗಾಜಿನ ನಳಿಕೆಯೊಂದು ಸುಮಾರು ಅರ್ಧ ಮಿಲಿಲೀಟರ್ ದ್ರಾವಣ ತುಂಬಿಕೊಂಡು ಒಳಗೆ ಹೋಗುತ್ತೆ. ಹೊರಗೆ ಬರೋದು ಒಂದು ಗೆರೆ, ಅದರ ಮೇಲೆ ಎತ್ತರ ತಗ್ಗಿನ ಮೊನೆಗಳು. ಆ ಮೊನೆ ಎಲ್ಲಿದೆ ಅನ್ನೋದರಿಂದ ಅಣುವಿನಲ್ಲಿ ಯಾವ ಪರಮಾಣು ಯಾರ ಪಕ್ಕ ಕೂತಿದೆ ಅಂತ ಗೊತ್ತಾಗುತ್ತೆ. ಮೊನೆ ಎಷ್ಟು ದೊಡ್ಡದು ಅನ್ನೋದರಿಂದ ಆ ಪದಾರ್ಥ ಎಷ್ಟಿದೆ ಅಂತ ಗೊತ್ತಾಗುತ್ತೆ.

ಇದರ ಬೆಲೆ ಜಗತ್ತಿಗೆ ಚೆನ್ನಾಗಿ ಅರ್ಥವಾದದ್ದು 2008ರಲ್ಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಅನ್ನೋ ಔಷಧ ಇದೆ, ಡಯಾಲಿಸಿಸ್‌ಗೆ ಹೋಗುವವರಿಗೆ ಹೆಸರು ಪರಿಚಯ ಇರುತ್ತೆ. ಅಮೆರಿಕದಲ್ಲಿ ಹೆಪಾರಿನ್ ಪಡೆದ ರೋಗಿಗಳಲ್ಲಿ ದಿಢೀರ್ ಅಲರ್ಜಿ, ರಕ್ತದೊತ್ತಡ ಕುಸಿತ ಕಾಣಿಸಿತು. ಸಾವುಗಳೂ ವರದಿಯಾದವು. ಆಗ ಜಾರಿಯಲ್ಲಿದ್ದ ಮಾಮೂಲು ಪರೀಕ್ಷೆಗಳಲ್ಲಿ ಆ ಔಷಧ ಪಾಸಾಗಿತ್ತು. ಎನ್‌ಎಂಆರ್‌ನಲ್ಲಿ ನೋಡಿದಾಗ ಹೆಪಾರಿನ್‌ನ ಒಂದು ಮೊನೆಯ ಪಕ್ಕದಲ್ಲೇ, ಇರಬಾರದ ಇನ್ನೊಂದು ಪುಟ್ಟ ಮೊನೆ ಎದ್ದಿತ್ತು. ಕಲಬೆರಕೆಯಾಗಿದ್ದ ಪದಾರ್ಥ ಓವರ್‌ಸಲ್ಫೇಟೆಡ್ ಕೊಂಡ್ರಾಯ್ಟಿನ್ ಸಲ್ಫೇಟ್. ಅದೇ ವರ್ಷ ಅಮೆರಿಕದ ಔಷಧ ಗುಣಮಟ್ಟದ ನಿಯಮಾವಳಿಗೆ ಹೆಪಾರಿನ್‌ಗಾಗಿ ಎನ್‌ಎಂಆರ್ ಪರೀಕ್ಷೆ ಸೇರಿತು.

ಅಲ್ಲಿ ಪ್ರಶ್ನೆ ಇದ್ದದ್ದು ‘ಏನು ಬೆರೆತಿದೆ’ ಅಂತ. ಅದರ ಹಿಂದೆಯೇ ಬರೋ ಪ್ರಶ್ನೆ ‘ಎಷ್ಟು ಬೆರೆತಿದೆ’. ಈ ‘ಎಷ್ಟು’ ಅನ್ನೋ ಪ್ರಶ್ನೆ ಬಂದ ತಕ್ಷಣ ನಮ್ಮ 10 ಮೈಕ್ರೊಸೆಕೆಂಡ್ ಮುಖ್ಯವಾಗುತ್ತೆ.

ಮೊದಲು ಆ ನಳಿಕೆಯೊಳಗೆ ಏನು ನಡೀತಿದೆ ನೋಡೋಣ. ಹೈಡ್ರೋಜನ್ ಪರಮಾಣುವಿನ ನಡುವೆ ಒಂದು ಪ್ರೋಟಾನ್ ಇದೆ. ಅದಕ್ಕೆ ಸ್ಪಿನ್ ಅನ್ನೋ ಗುಣ ಇದೆ, ಹಾಗಾಗಿ ಅದೊಂದು ಪುಟಾಣಿ ಅಯಸ್ಕಾಂತದ ಥರ ವರ್ತಿಸುತ್ತೆ. ಬುಗುರಿ ನೆನಪಿಸಿಕೊಳ್ಳಿ. ವೇಗ ತಗ್ಗಿದ ಬುಗುರಿ ವಾಲಿಕೊಂಡು, ತನ್ನ ಅಕ್ಷವನ್ನೇ ಸುತ್ತಿಸುತ್ತಾ ತಿರುಗುತ್ತಲ್ಲ, ಹಾಗೆಯೇ ಅಯಸ್ಕಾಂತದೊಳಗೆ ಈ ಪ್ರೋಟಾನ್ ಕೂಡ ತಿರುಗುತ್ತೆ. 11.7 ಟೆಸ್ಲಾ ಅಯಸ್ಕಾಂತದಲ್ಲಿ ಸೆಕೆಂಡಿಗೆ 50 ಕೋಟಿ ಸುತ್ತು, ಅಂದರೆ 500 ಮೆಗಾಹರ್ಟ್ಸ್. ಈ ಅಯಸ್ಕಾಂತ ಭೂಮಿಯ ಕಾಂತಕ್ಷೇತ್ರಕ್ಕಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು ಬಲವಾದದ್ದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಹಳಷ್ಟು ಪುಸ್ತಕಗಳಲ್ಲಿ ಸ್ಪಿನ್‌ಗಳನ್ನು ಎರಡು ಸಾಲಿನಲ್ಲಿ ಬರೆದಿರ್ತಾರೆ. ಕೆಲವು ಮೇಲ್ಮುಖ, ಕೆಲವು ಕೆಳಮುಖ. ಪಲ್ಸ್ ಕೊಟ್ಟರೆ ಒಂದಷ್ಟು ಸ್ಪಿನ್‌ಗಳು ಪಲ್ಟಿ ಹೊಡೆದು ಮೇಲಿಂದ ಕೆಳಕ್ಕೆ ಬರ್ತಾವೆ ಅಂತ ವಿವರಣೆ. ಲೆಕ್ಕ ಮಾಡೋಕೆ ಈ ಚಿತ್ರ ಅನುಕೂಲ. ಆದರೆ ಪಲ್ಸ್ ನಿಜವಾಗಿ ಏನು ಮಾಡುತ್ತೆ ಅಂತ ಕಲ್ಪಿಸಿಕೊಳ್ಳೋಕೆ ಹೊರಟರೆ ಇದು ದಾರಿ ತಪ್ಪಿಸುತ್ತೆ.

ಬದಲಿಗೆ ಒಂದು ರಥೋತ್ಸವ ನೆನೆಸಿಕೊಳ್ಳಿ. ಜಾತ್ರೆಯ ಬಯಲಲ್ಲಿ ಲಕ್ಷಾಂತರ ಜನ. ಒಬ್ಬರ ಮುಖ ಬೆಂಡು ಬತ್ತಾಸು ಅಂಗಡಿ ಕಡೆ, ಇನ್ನೊಬ್ಬರದು ಮಕ್ಕಳ ಕಡೆ, ಮತ್ತೊಬ್ಬರದು ಬಸ್ ಸ್ಟ್ಯಾಂಡ್ ಕಡೆ. ಎಲ್ಲ ದಿಕ್ಕಿಗೂ ಮುಖ ಇವೆ. ಆದರೆ ರಥದ ಕಡೆ ನೋಡ್ತಿರೋರು ಮಾತ್ರ ಒಂದಿಷ್ಟು ಜಾಸ್ತಿ. ಸ್ಪಿನ್‌ಗಳ ಸ್ಥಿತಿಯೂ ಹೀಗೇ. ಎಷ್ಟು ಜಾಸ್ತಿ ಗೊತ್ತಾ? ಕೋಣೆಯ ತಾಪಮಾನದಲ್ಲಿ, 500 ಮೆಗಾಹರ್ಟ್ಸ್ ಯಂತ್ರದಲ್ಲಿ, 10 ಲಕ್ಷಕ್ಕೆ ಸುಮಾರು 40ರಷ್ಟು ವ್ಯತ್ಯಾಸ ಅಷ್ಟೇ. ಉಳಿದವೆಲ್ಲ ಒಂದನ್ನೊಂದು ರದ್ದು ಮಾಡಿಕೊಳ್ತಾವೆ. ಈ 40ರ ಒಟ್ಟು ಬಲವನ್ನು ಒಂದು ಬಾಣದ ಹಾಗೆ ಬರೀತೀವಿ. ಅದಕ್ಕೆ ನಿವ್ವಳ ಕಾಂತತೆ ಅಂತ ಹೆಸರು. ಶುರುವಿನಲ್ಲಿ ಅದು ಅಯಸ್ಕಾಂತದ ಅಕ್ಷಕ್ಕೆ ಸರಿಯಾಗಿ, ಚಾವಣಿ ಕಡೆ ಮುಖ ಮಾಡಿ ನೆಟ್ಟಗೆ ನಿಂತಿರುತ್ತೆ.

ಈಗ ಧ್ವನಿವರ್ಧಕದಲ್ಲಿ ಒಂದು ಕರೆ ಬಂತು ಅಂತಿಟ್ಟುಕೊಳ್ಳಿ: ಎಲ್ಲರೂ ಕಾಲು ಸುತ್ತು ಬಲಕ್ಕೆ ತಿರುಗಿ. ಎಲ್ಲರೂ ತಿರುಗಿದರು. ಯಾರನ್ನೂ ಆರಿಸಿ ತಿರುಗಿಸಿಲ್ಲ, ಒಬ್ಬರನ್ನೂ ಬಿಟ್ಟಿಲ್ಲ. ಆದರೂ ಆ ಹೆಚ್ಚುವರಿ ಮುಖಗಳು ಈಗ ರಥದ ಕಡೆಯಲ್ಲ, ರಥದ ಬಲಗಡೆಗೆ ನೋಡ್ತಿವೆ. ಪಲ್ಸ್ ಮಾಡೋದು ಇದನ್ನೇ. ನಳಿಕೆಯೊಳಗಿನ ಎಲ್ಲ ಹೈಡ್ರೋಜನ್ ಸ್ಪಿನ್‌ಗಳನ್ನೂ ಒಂದೇ ಕೋನದಷ್ಟು ತಿರುಗಿಸುತ್ತೆ, ಅವುಗಳ ಜೊತೆ ಬಾಣವೂ ತಿರುಗುತ್ತೆ. ಕಾಲು ಸುತ್ತು ತಿರುಗಿಸುವ ಪಲ್ಸ್‌ಗೆ 90 ಡಿಗ್ರಿ ಪಲ್ಸ್ ಅಂತೀವಿ. ಅದನ್ನು ಎಷ್ಟು ಹೊತ್ತು ಕೊಡಬೇಕು ಅನ್ನೋದೇ ಪಲ್ಸ್ ವಿಡ್ತ್. ನಮ್ಮ ಇವತ್ತಿನ ಉದಾಹರಣೆಯಲ್ಲಿ ಅದು 10 ಮೈಕ್ರೊಸೆಕೆಂಡ್.

ಕೇಳುಗರಲ್ಲಿ ಕೆಲವರಿಗೆ ಒಂದು ಅನುಮಾನ ಬಂದಿರಬಹುದು. 11.7 ಟೆಸ್ಲಾ ಅಯಸ್ಕಾಂತ ಬಾಣವನ್ನು ಹಿಡಿದು ನಿಲ್ಲಿಸಿದೆ. ಅದನ್ನು ಕೆಡವೋಕೆ ಇನ್ನೂ ದೊಡ್ಡ ಬಲ ಬೇಡವೇ? ಬೇಡ. ಪಲ್ಸ್‌ನ ಕಾಂತಕ್ಷೇತ್ರ ಮುಖ್ಯ ಅಯಸ್ಕಾಂತದ 20,000ದಲ್ಲಿ ಒಂದು ಪಾಲು ಮಾತ್ರ. ಫ್ರಿಜ್ ಬಾಗಿಲಿಗೆ ಅಂಟಿಸೋ ಅಯಸ್ಕಾಂತಕ್ಕಿಂತಲೂ ಕಡಿಮೆ. ಗುಟ್ಟು ಇರೋದು ಲಯದಲ್ಲಿ. ಉಯ್ಯಾಲೆ ಮೇಲೆ ಕೂತಿರೋ ದೊಡ್ಡವರನ್ನು ಚಿಕ್ಕ ಮಗು ಕೂಡ ಎತ್ತರಕ್ಕೆ ತೂಗಬಲ್ಲದು. ಪ್ರತಿ ಸಲ ಉಯ್ಯಾಲೆ ಹಿಂದೆ ಬಂದಾಗ ಸರಿಯಾದ ಹೊತ್ತಿಗೆ ಒಂದು ಚೂರು ತಳ್ಳಿದರಾಯ್ತು. ಪಲ್ಸ್ ಕೂಡ ರೇಡಿಯೊ ಅಲೆ. ಸ್ಪಿನ್ ಸೆಕೆಂಡಿಗೆ 50 ಕೋಟಿ ಸುತ್ತು ಹಾಕಿದರೆ ಅಲೆಯೂ 50 ಕೋಟಿ ಸಲ ತಳ್ಳುತ್ತೆ. ಈ ಹೊಂದಾಣಿಕೆಗೇ ಅನುರಣನೆ ಅನ್ನೋದು.

10 ಮೈಕ್ರೊಸೆಕೆಂಡಿನಲ್ಲಿ ಬಾಣ ಅಯಸ್ಕಾಂತದ ಅಕ್ಷದ ಸುತ್ತ 5,000 ಸುತ್ತು ಹಾಕಿರುತ್ತೆ. ಹೊರಗೆ ನಿಂತು ನೋಡಿದರೆ ಬಾಣದ ತುದಿ ಸುರುಳಿ ಸುರುಳಿಯಾಗಿ ಕೆಳಗಿಳಿಯೋದು ಕಾಣುತ್ತೆ, ತಲೆ ತಿರುಗುತ್ತೆ. ಅದಕ್ಕೇ ಭೌತವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ಜಾತ್ರೆಯಲ್ಲಿ ಮರದ ಕುದುರೆಗಳ ಚಕ್ರ ಇರುತ್ತಲ್ಲ, ಹೊರಗಿನಿಂದ ನೋಡಿದರೆ ಮಗು ಸುತ್ತುತ್ತಿರುತ್ತೆ. ನಾವೂ ಹತ್ತಿ ಪಕ್ಕದ ಕುದುರೆ ಮೇಲೆ ಕೂತರೆ ಮಗು ನಿಂತಲ್ಲೇ ನಿಂತಂತೆ ಕಾಣುತ್ತೆ. ಹಾಗೆ ಸ್ಪಿನ್ ಜೊತೆಗೇ ಸುತ್ತುವ ಚೌಕಟ್ಟಿನಲ್ಲಿ ಕೂತು ನೋಡಿದರೆ ಆ 5,000 ಸುತ್ತೂ ಮಾಯ. ಬಾಣ ಗಡಿಯಾರದ ಮುಳ್ಳಿನ ಹಾಗೆ 12ರಿಂದ 3ಕ್ಕೆ ಮೆಲ್ಲಗೆ ವಾಲೋದು ಮಾತ್ರ ಕಾಣುತ್ತೆ.

ಇಲ್ಲಿಂದ ಗಡಿಯಾರ ಹಿಡಿದುಕೊಳ್ಳೋಣ. ಬಾಣವೇ ಮುಳ್ಳು. ಪಲ್ಸ್ ಇರುವಷ್ಟು ಹೊತ್ತು ಮುಳ್ಳು ತಿರುಗುತ್ತೆ, ಪಲ್ಸ್ ನಿಂತಾಗ ತಿರುಗೋದೂ ನಿಲ್ಲುತ್ತೆ. ಯಂತ್ರದ ಕಾಯಿಲ್‌ಗೆ ಕಾಣೋದು ಒಂದೇ ಒಂದು ಸಂಗತಿ: ಗಡಿಯಾರದ ನಡುಗೆರೆಯಿಂದ ಮುಳ್ಳಿನ ತುದಿ ಎಷ್ಟು ಪಕ್ಕಕ್ಕೆ ಹೋಗಿದೆ ಅನ್ನೋದು. ಮುಳ್ಳು 12ರಲ್ಲಿದ್ದರೆ ಪಕ್ಕಕ್ಕೆ ಏನೂ ಇಲ್ಲ, ಸಿಗ್ನಲ್ ಸೊನ್ನೆ. 3ಕ್ಕೆ ಬಂದರೆ ಪೂರ್ತಿ ಬಲಕ್ಕೆ, ಸಿಗ್ನಲ್ ಗರಿಷ್ಠ. 6ಕ್ಕೆ ಬಂದರೆ ಮುಳ್ಳು ತಲೆಕೆಳಗು, ಮತ್ತೆ ಸೊನ್ನೆ. 9ಕ್ಕೆ ಬಂದರೆ ಪೂರ್ತಿ ಎಡಕ್ಕೆ, ಪರದೆ ಮೇಲೆ ಮೊನೆ ಕೆಳಮುಖವಾಗಿ ನೇತಾಡುತ್ತೆ. ಮತ್ತೆ 12ಕ್ಕೆ ಬಂದರೆ ಸೊನ್ನೆ.

ಪಲ್ಸ್ ಅಳೆಯೋ ಪ್ರಯೋಗ ಇಷ್ಟೇ. 2 ಮೈಕ್ರೊಸೆಕೆಂಡ್ ಪಲ್ಸ್ ಕೊಡಿ, ಸಿಗ್ನಲ್ ದಾಖಲಿಸಿ. ಆಮೇಲೆ 4, 6, 8 ಹೀಗೆ ಏರಿಸ್ತಾ ಹೋಗಿ. ಮೊದಲನೇ ಸಲ ಮೊನೆ ನೆಟ್ಟಗೆ ಮೇಲ್ಮುಖವಾಗಿ ಬರುವಂತೆ ಫೇಸ್ ಸರಿಪಡಿಸಿ, ಮತ್ತೆ ಅದನ್ನು ಮುಟ್ಟಬೇಡಿ. ಎಲ್ಲ ಮೊನೆಗಳನ್ನೂ ಪಕ್ಕಪಕ್ಕ ಇಟ್ಟರೆ ಪರದೆ ಮೇಲೆ ಅಲೆ ಮೂಡುತ್ತೆ. ಏರಿ, ಇಳಿದು, ಸೊನ್ನೆ ದಾಟಿ, ತಗ್ಗಿಗೆ ಹೋಗಿ, ಮತ್ತೆ ಸೊನ್ನೆಗೆ ಬರುತ್ತೆ. ಶಾಲೆಯಲ್ಲಿ ಕಲಿತ ಸೈನ್ ವಕ್ರರೇಖೆ ಇದು. ಇದನ್ನು ನ್ಯೂಟೇಶನ್ ಕರ್ವ್ ಅಂತಾರೆ. 1949ರಲ್ಲೇ ಹೆನ್ರಿ ಟೋರಿ ಅನ್ನೋ ಭೌತವಿಜ್ಞಾನಿ ಸ್ಪಿನ್‌ಗಳ ಈ ನ್ಯೂಟೇಶನ್ ಬಗ್ಗೆ ಬರೆದರು. ನಾವು ಕಣ್ಣಿಂದ ಎಂದೂ ನೋಡಲಾಗದ ಬೀಜಕಣಗಳ ತಿರುಗಾಟ ಪರದೆ ಮೇಲೆ ಹೀಗೆ ಬಿಡಿಸಿಕೊಳ್ಳುತ್ತೆ.

ಇನ್ನು ಮುಖ್ಯ ಪ್ರಶ್ನೆ. ಈ ಅಲೆಯಲ್ಲಿ 90 ಡಿಗ್ರಿಯನ್ನು ಎಲ್ಲಿ ಓದಬೇಕು? ಯಾರೇ ಆದರೂ ತಟ್ಟನೆ ಹೇಳೋದು, ಸಿಗ್ನಲ್ ಅತಿ ಹೆಚ್ಚು ಎಲ್ಲಿದೆಯೋ ಅಲ್ಲಿ ಅಂತ. ತತ್ವದಲ್ಲಿ ಸರಿ, ಕೆಲಸದಲ್ಲಿ ಅಲ್ಲ. ಯಾಕೆ ಅಂತ ಗಡಿಯಾರವೇ ಹೇಳುತ್ತೆ. ಮುಳ್ಳು 3ರ ಆಸುಪಾಸಿನಲ್ಲಿದ್ದಾಗ ಅದರ ತುದಿ ಹೆಚ್ಚುಕಮ್ಮಿ ನೇರ ಕೆಳಕ್ಕೆ ಇಳೀತಿರುತ್ತೆ. ಪಕ್ಕದ ದೂರ ಬದಲಾಗೋದೇ ಇಲ್ಲ ಅನ್ನಬಹುದು. ಅಂಕಿ ಹೇಳ್ತೀನಿ. ನಿಜವಾದ 90 ಡಿಗ್ರಿ ಪಲ್ಸ್ 10 ಮೈಕ್ರೊಸೆಕೆಂಡ್ ಇರಲಿ. ನೀವು 9 ಕೊಟ್ಟರೂ, 11 ಕೊಟ್ಟರೂ ಸಿಗ್ನಲ್ ಶೇ 98.8 ಬರುತ್ತೆ. ಪಲ್ಸ್‌ನಲ್ಲಿ ಶೇ 10ರಷ್ಟು ತಪ್ಪು, ಸಿಗ್ನಲ್‌ನಲ್ಲಿ ಕಾಣೋದು ಶೇ 1ರಷ್ಟು ವ್ಯತ್ಯಾಸ. ಶಿಖರ ಚಪ್ಪಟೆಯಾಗಿದೆ, ಅದರ ನೆತ್ತಿ ಎಲ್ಲಿ ಅಂತ ಕಣ್ಣಿಗೆ ಗೊತ್ತಾಗೋದಿಲ್ಲ.

ಸೊನ್ನೆಯ ಹತ್ತಿರ ಇದು ತಿರುವುಮುರುವು. ಮುಳ್ಳು 6 ಅಥವಾ 12ನ್ನು ದಾಟುವಾಗ ತುದಿ ಪೂರ್ತಿ ಅಡ್ಡಡ್ಡವಾಗಿ ಚಲಿಸುತ್ತೆ. 180 ಡಿಗ್ರಿಗೆ 20 ಮೈಕ್ರೊಸೆಕೆಂಡ್ ಬೇಕು ಅಂದುಕೊಳ್ಳಿ. ನೀವು 18 ಕೊಟ್ಟರೆ, ಅದೇ ಶೇ 10ರ ತಪ್ಪಿಗೆ, ಗರಿಷ್ಠದ ಶೇ 31ರಷ್ಟು ಸಿಗ್ನಲ್ ಎದ್ದು ನಿಲ್ಲುತ್ತೆ. ಸುಳ್ಳು ಹೇಳೋಕೆ ಜಾಗವೇ ಇಲ್ಲ. ಚಿನ್ನದಂಗಡಿಯ ತಕ್ಕಡಿಯಲ್ಲಿ ಮುಳ್ಳು ನಡುವೆ ನಿಂತಿದೆಯಾ ಇಲ್ಲವಾ ಅಂತ ನೋಡೋದೂ ಇದೇ ತತ್ವ. ಎಷ್ಟು ಭಾರ ಅಂತ ಊಹಿಸೋದು ಕಷ್ಟ, ಎರಡು ಕಡೆ ಸಮ ಇದೆಯಾ ಅಂತ ನೋಡೋದು ಸುಲಭ. ಹಾಗಾಗಿ ಪಲ್ಸ್ ಅಳೆಯುವವರು ಶಿಖರ ಹುಡುಕೋದಿಲ್ಲ, ಸೊನ್ನೆ ಹುಡುಕ್ತಾರೆ.

ಸೊನ್ನೆ ಎರಡಿವೆಯಲ್ಲ, 180ರಲ್ಲಿ ಒಂದು, 360ರಲ್ಲಿ ಒಂದು. ಸಾಮಾನ್ಯವಾಗಿ 360 ಒಳ್ಳೆಯದು. ಯಾಕಂದರೆ ಪ್ರತಿ ಪಲ್ಸ್ ಆದಮೇಲೆ ಬಾಣ ಮತ್ತೆ 12ಕ್ಕೆ ಬಂದು ನಿಲ್ಲೋವರೆಗೆ ಕಾಯಬೇಕು. ಹೀಗೆ ಚೇತರಿಸಿಕೊಳ್ಳೋ ವೇಗವನ್ನು ಟಿ-ಒನ್ ಅನ್ನೋ ಕಾಲದಿಂದ ಅಳೀತಾರೆ. 90 ಡಿಗ್ರಿ ಪಲ್ಸ್ ಆದಮೇಲೆ ಐದು ಟಿ-ಒನ್‌ನಷ್ಟು ಕಾದರೆ ಶೇ 99.3ರಷ್ಟು ಚೇತರಿಕೆ ಆಗಿರುತ್ತೆ. 180ರಲ್ಲಿ ಬಾಣ ಪೂರ್ತಿ ತಲೆಕೆಳಗಾಗಿರುತ್ತೆ, ಮೇಲೆ ಬರೋಕೆ ಹೆಚ್ಚು ಹೊತ್ತು ಬೇಕು. 360ರಲ್ಲಿ ಬಾಣ ಒಂದು ಪೂರ್ತಿ ಸುತ್ತು ಹಾಕಿ ಹೊರಟ ಜಾಗಕ್ಕೇ ವಾಪಸ್ ಬಂದಿರುತ್ತೆ. ಕಾಯೋ ಕೆಲಸ ತುಂಬ ಕಡಿಮೆ. ಜೊತೆಗೆ, 360ರಲ್ಲಿ ಸಿಕ್ಕ ಅಂಕಿಯನ್ನು ನಾಲ್ಕರಿಂದ ಭಾಗಿಸ್ತೀವಿ, ಅಳತೆಯ ತಪ್ಪೂ ನಾಲ್ಕರಿಂದ ಭಾಗವಾಗುತ್ತೆ.

ಉದಾಹರಣೆಗೆ 39 ಮೈಕ್ರೊಸೆಕೆಂಡಿನಲ್ಲಿ ಮೊನೆ ಸ್ವಲ್ಪ ಕೆಳಮುಖ, 41ರಲ್ಲಿ ಸ್ವಲ್ಪ ಮೇಲ್ಮುಖ, 40ರಲ್ಲಿ ಮಾಯ. ಅಂದರೆ 360 ಡಿಗ್ರಿಗೆ 40, 90 ಡಿಗ್ರಿಗೆ 10. ಮುಗೀತು. ವಾಸ್ತವದಲ್ಲಿ ಮೊನೆ ಪೂರ್ತಿ ಮಾಯವಾಗಲ್ಲ. ಕಾಯಿಲ್‌ನ ನಡುವಿರೋ ದ್ರಾವಣಕ್ಕೆ ಸಿಗೋ ತಳ್ಳು ಅದರ ಅಂಚಿನಲ್ಲಿರೋ ದ್ರಾವಣಕ್ಕೆ ಅಷ್ಟೇ ಸಿಗೋದಿಲ್ಲ. ಹಾಗಾಗಿ ಅರ್ಧ ಮೇಲೆ, ಅರ್ಧ ಕೆಳಗೆ ಇರೋ ಸಣ್ಣ ಅಂಕುಡೊಂಕು ಉಳಿಯುತ್ತೆ. ಎರಡು ಬದಿಯೂ ಸಮ ಕಂಡರೆ ಅದೇ ಸೊನ್ನೆ.

ಈ ಕಾಯುವ ವಿಚಾರಕ್ಕೆ ನಮ್ಮ ಬೆಂಗಳೂರಿನ ನಂಟೊಂದಿದೆ. ಸರಿಯಾಗಿ ಕಾಯದೆ ರೇಡಿಯೊ ಅಲೆ ಕೊಡ್ತಾ ಹೋದರೆ ಸ್ಪಿನ್‌ಗಳು ದಣಿದಂತಾಗಿ ಸಿಗ್ನಲ್ ಕುಗ್ಗುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಸೂರ್ಯನ್ 1951ರಲ್ಲಿ, ನಳಿಕೆಯೊಳಗೆ ದ್ರವವನ್ನು ನಿಲ್ಲಿಸದೆ ಹರಿಯಬಿಟ್ಟು ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ಹರಿಯುವ ದ್ರವದಲ್ಲಿ ದಣಿದ ಸ್ಪಿನ್‌ಗಳು ಮುಂದೆ ಹೋಗಿ ತಾಜಾ ಸ್ಪಿನ್‌ಗಳು ಬರ್ತಾ ಇರ್ತಾವೆ, ಸಿಗ್ನಲ್ ಹೆಚ್ಚುತ್ತೆ. ಎಂಆರ್‌ಐ ಹುಟ್ಟೋಕೆ ಎರಡು ದಶಕ ಮೊದಲಿನ ಮಾತಿದು. ಇವತ್ತು ಎಂಆರ್‌ಐಯಲ್ಲಿ ರಕ್ತನಾಳಗಳನ್ನು ನೋಡುವ ಒಂದು ವಿಧಾನ ನಿಂತಿರೋದೂ ಹರಿದು ಬರುವ ತಾಜಾ ಸ್ಪಿನ್‌ಗಳ ಮೇಲೆಯೇ.

ಸರಿ, ‘90 ಡಿಗ್ರಿಯಲ್ಲಿ ಶೇ 10 ತಪ್ಪಾದರೂ ಸಿಗ್ನಲ್ ಶೇ 1 ಕಡಿಮೆ ಆಗುತ್ತೆ ಅಷ್ಟೇ ಅಂದ್ರಲ್ಲ, ಹಾಗಾದರೆ ಇಷ್ಟೆಲ್ಲ ಯಾಕೆ’ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದೇ ಪಲ್ಸ್ ಕೊಟ್ಟು ಸುಮ್ಮನಾಗುವ ಸರಳ ಪ್ರಯೋಗದಲ್ಲಿ ನಿಜಕ್ಕೂ ದೊಡ್ಡ ನಷ್ಟ ಇಲ್ಲ. ತೊಂದರೆ ಶುರುವಾಗೋದು ಪಲ್ಸ್ ಮೇಲೆ ಪಲ್ಸ್ ಕೊಡುವಾಗ.

1950ರಲ್ಲಿ ಎರ್ವಿನ್ ಹಾನ್ ಅನ್ನೋ ಅಮೆರಿಕದ ವಿಜ್ಞಾನಿ ಸ್ಪಿನ್ ಎಕೋ, ಅಂದರೆ ಸ್ಪಿನ್‌ಗಳ ಪ್ರತಿಧ್ವನಿಯ ಬಗ್ಗೆ ಪ್ರಕಟಿಸಿದರು. ಅದನ್ನು ಅರ್ಥ ಮಾಡಿಸೋಕೆ ಓಟದ ಮೈದಾನದ ಹೋಲಿಕೆ ಪ್ರಸಿದ್ಧ. ಎಲ್ಲರೂ ಒಟ್ಟಿಗೆ ಹೊರಟರು. ಕೆಲವರು ವೇಗ, ಕೆಲವರು ನಿಧಾನ, ಗುಂಪು ಚದುರಿತು. ಸೀಟಿ ಊದಿದಾಗ ಎಲ್ಲರೂ ಹಿಂದಿರುಗಿ ಅದೇ ವೇಗದಲ್ಲಿ ಓಡಿದರೆ, ಹೊರಟ ಗೆರೆಗೆ ಎಲ್ಲರೂ ಒಟ್ಟಿಗೇ ಬಂದು ಸೇರ್ತಾರೆ. ಚದುರಿಹೋಗಿದ್ದ ಸಿಗ್ನಲ್ ಮತ್ತೆ ಮೂಡುತ್ತೆ. ಆ ಸೀಟಿಯ ಕೆಲಸವನ್ನು 180 ಡಿಗ್ರಿ ಪಲ್ಸ್ ಚೆನ್ನಾಗಿ ಮಾಡುತ್ತೆ. 1954ರಲ್ಲಿ ಕಾರ್ ಮತ್ತು ಪರ್ಸೆಲ್ ಒಂದರ ಹಿಂದೆ ಒಂದು 180 ಡಿಗ್ರಿ ಪಲ್ಸ್ ಕೊಟ್ಟು ಪ್ರತಿಧ್ವನಿಗಳ ಸಾಲನ್ನೇ ಪಡೆದರು. ಆದರೆ ಪ್ರತಿ ಪಲ್ಸ್‌ನಲ್ಲೂ ಚೂರು ಚೂರು ತಪ್ಪಿದ್ದರೆ? ಹತ್ತನೇ ಪಲ್ಸ್ ಹೊತ್ತಿಗೆ ಚೂರು ಹತ್ತು ಪಟ್ಟಾಗಿರುತ್ತೆ. 1958ರಲ್ಲಿ ಮೈಬೂಮ್ ಮತ್ತು ಗಿಲ್ ಪಲ್ಸ್‌ಗಳ ದಿಕ್ಕನ್ನು 90 ಡಿಗ್ರಿ ಬದಲಿಸಿ, ಒಂದು ಪಲ್ಸ್‌ನ ತಪ್ಪನ್ನು ಮುಂದಿನ ಪಲ್ಸ್ ಸರಿಪಡಿಸುವ ಹಾಗೆ ಮಾಡಿದರು. ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿಸಿ ಸಿಪಿಎಂಜಿ ಅಂತ ಕರೆಯೋ ಆ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಪಲ್ಸ್ ಅಳತೆಯ ಸಣ್ಣ ತಪ್ಪು ಎಷ್ಟು ಕಾಡಿತ್ತು ಅನ್ನೋದಕ್ಕೆ ಇದೇ ಸಾಕ್ಷಿ.

ಇನ್ನೊಂದು ಉದಾಹರಣೆ ಪ್ರೋಟೀನ್‌ಗಳ ಆಕಾರ ತಿಳಿಯೋಕೆ ಬಳಸುವ ನೋಸಿ ಅನ್ನೋ ಪ್ರಯೋಗ. ಅದರಲ್ಲಿ ಮೂರು 90 ಡಿಗ್ರಿ ಪಲ್ಸ್ ಇವೆ. ಪ್ರೋಟೀನಿನಂಥ ದೊಡ್ಡ ಅಣುಗಳಲ್ಲಿ ಯಾವ ಪ್ರೋಟಾನ್ ಯಾವುದರ ಹತ್ತಿರ ಇದೆ ಅಂತ ಇದರಿಂದ ತಿಳಿಯೋದನ್ನು ವಿವರಿಸಿದ 1980ರ ಪ್ರಬಂಧದ ಲೇಖಕರು ಅನಿಲ್ ಕುಮಾರ್, ರಿಚರ್ಡ್ ಅರ್ನ್ಸ್ಟ್ ಮತ್ತು ಕರ್ಟ್ ವ್ಯೂಥ್ರಿಕ್. ಅನಿಲ್ ಕುಮಾರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದವರು. ಅರ್ನ್ಸ್ಟ್‌ಗೆ 1991ರಲ್ಲಿ, ವ್ಯೂಥ್ರಿಕ್‌ಗೆ 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ಆರಂಭದಲ್ಲಿ ಹೇಳಿದ ಶೇ 17ರ ವಿಷಯಕ್ಕೆ ಬರೋಣ.

90 ಡಿಗ್ರಿ ಪಲ್ಸ್ ಯಂತ್ರಕ್ಕೆ ಒಂದು ಸಲ ಅಳೆದಿಟ್ಟರೆ ಮುಗೀತು ಅಂದುಕೊಳ್ಳಬೇಡಿ. ಅದು ನಳಿಕೆಯಿಂದ ನಳಿಕೆಗೆ ಬದಲಾಗುತ್ತೆ. ದ್ರಾವಣದಲ್ಲಿ ಉಪ್ಪು ಹೆಚ್ಚಿದ್ದರೆ ಅದು ವಿದ್ಯುತ್ತನ್ನು ಹರಿಯಬಿಡುತ್ತೆ, ಕಾಯಿಲ್ ಕೊಡುವ ರೇಡಿಯೊ ಶಕ್ತಿಯಲ್ಲಿ ಒಂದು ಪಾಲನ್ನು ನುಂಗುತ್ತೆ. ತಳ್ಳು ದುರ್ಬಲವಾಗುತ್ತೆ, ಅದೇ ಕಾಲು ಸುತ್ತಿಗೆ ಹೆಚ್ಚು ಹೊತ್ತು ಬೇಕಾಗುತ್ತೆ. ಕ್ಲೋರೋಫಾರ್ಮ್ ದ್ರಾವಣದಲ್ಲಿ 10 ಮೈಕ್ರೊಸೆಕೆಂಡ್ ಇದ್ದದ್ದು ಉಪ್ಪುನೀರಿನಲ್ಲಿ 12 ಆಗಬಹುದು. ಟ್ಯೂನಿಂಗ್ ಮಾಡದೆ ಬಿಟ್ಟರೂ ಹೀಗೇ ಆಗುತ್ತೆ. ಹಳೇ ರೇಡಿಯೊದಲ್ಲಿ ಮುಳ್ಳು ಸರಿಯಾಗಿ ಸ್ಟೇಶನ್ ಮೇಲೆ ಕೂರದಿದ್ದರೆ ಧ್ವನಿ ಕುಗ್ಗುತ್ತಿತ್ತಲ್ಲ, ಹಾಗೆ.

ಇದರ ಜೊತೆಗೆ ಒಂದು ಸೊಗಸಾದ ಸತ್ಯ ಇದೆ. ಸ್ಪಿನ್‌ಗಳನ್ನು ತಳ್ಳೋದೂ, ಅವುಗಳ ಸಿಗ್ನಲ್ ಕೇಳಿಸಿಕೊಳ್ಳೋದೂ ಒಂದೇ ಕಾಯಿಲ್. ಚೆನ್ನಾಗಿ ತಳ್ಳಬಲ್ಲ ಕಾಯಿಲ್ ಚೆನ್ನಾಗಿ ಕೇಳಿಸಿಕೊಳ್ಳಲೂ ಬಲ್ಲದು. ತಳ್ಳು ಎಷ್ಟು ಕುಗ್ಗಿದೆಯೋ ಕಿವಿಯೂ ಅಷ್ಟೇ ಮಂದವಾಗಿರುತ್ತೆ. ಇದಕ್ಕೆ ಪರಸ್ಪರತೆಯ ತತ್ವ ಅಂತಾರೆ. 1976ರಲ್ಲಿ ಹೌಲ್ಟ್ ಮತ್ತು ರಿಚರ್ಡ್ಸ್ ಇದನ್ನು ಎನ್‌ಎಂಆರ್‌ಗೆ ಅನ್ವಯಿಸಿ ವಿವರಿಸಿದರು. ಲೆಕ್ಕ ಸರಳ. ಪಲ್ಸ್ 10ರಿಂದ 12ಕ್ಕೆ ಉದ್ದವಾಯ್ತು ಅಂದರೆ, ಅಷ್ಟೇ ಪ್ರಮಾಣದ ಪದಾರ್ಥ ಕೊಡೋ ಸಿಗ್ನಲ್ 12ರಲ್ಲಿ 10 ಪಾಲಾಗುತ್ತೆ. ಅಂದರೆ ಶೇ 83. ಉಳಿದ ಶೇ 17 ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ. ಔಷಧ ನಳಿಕೆಯಲ್ಲೇ ಇದೆ, ಕಾಯಿಲ್‌ಗೆ ಕೇಳಿಸಲಿಲ್ಲ ಅಷ್ಟೇ.

ಒಂದು ನಳಿಕೆಯಲ್ಲಿ ಪ್ರಮಾಣ ಗೊತ್ತಿರುವ ಮಾದರಿ, ಇನ್ನೊಂದರಲ್ಲಿ ಪರೀಕ್ಷಿಸಬೇಕಾದ ಔಷಧ ಇಟ್ಟು ಹೋಲಿಸುವಾಗ ಈ ವ್ಯತ್ಯಾಸವನ್ನು ಗಮನಿಸದಿದ್ದರೆ ವರದಿಯೇ ತಪ್ಪು. ಗಮನಿಸಿದರೆ ಅದೇ ಅಂಕಿ ಪರಿಹಾರವೂ ಆಗುತ್ತೆ. ಎರಡೂ ನಳಿಕೆಯ 90 ಡಿಗ್ರಿ ಪಲ್ಸ್ ಅಳೆದು, 12ನ್ನು 10ರಿಂದ ಭಾಗಿಸಿ ಗುಣಿಸಿದರೆ ಸರಿಯಾದ ಪ್ರಮಾಣ ಸಿಗುತ್ತೆ. 2006ರಲ್ಲಿ ಗೆರ್ಹಾರ್ಡ್ ವೈಡರ್ ಮತ್ತು ಲಾರ್ಸ್ ಡ್ರೆಯರ್ ಪ್ರೋಟೀನ್ ದ್ರಾವಣಗಳ ಸಾಂದ್ರತೆ ಅಳೆಯೋಕೆ ಈ ದಾರಿಯನ್ನೇ ತೋರಿಸಿಕೊಟ್ಟರು, ಪಲ್ಕಾನ್ ಅಂತ ಹೆಸರಿಟ್ಟರು. ಔಷಧ ಮತ್ತು ಅಳತೆಗೋಲು ಎರಡನ್ನೂ ಒಂದೇ ನಳಿಕೆಯಲ್ಲಿ ಬೆರೆಸಿದರೆ ಈ ತೊಡಕಿಲ್ಲ, ಎರಡಕ್ಕೂ ಒಂದೇ ಕಿವಿ. ಆದರೆ ಎಲ್ಲ ಮಾದರಿಗೂ ಹೊರಗಿನದನ್ನು ಬೆರೆಸಲು ಆಗೋದಿಲ್ಲ. ಒಮ್ಮೆ ಬೆರೆಸಿದರೆ ವಾಪಸ್ ತೆಗೆಯೋದು ಕಷ್ಟ.

ಎಂಆರ್‌ಐಗೂ ಇದು ಅನ್ವಯಿಸುತ್ತೆ. ಸ್ಕ್ಯಾನ್‌ಗೆ ಮಲಗಿದವರಿಗೆ ನೆನಪಿರಬಹುದು, ನಿಜವಾದ ಚಿತ್ರ ತೆಗೆಯೋಕೆ ಮುಂಚೆ ಯಂತ್ರ ಸ್ವಲ್ಪ ಹೊತ್ತು ಟಿಕ್ ಟಿಕ್ ಅನ್ನುತ್ತಾ ಸಿದ್ಧತೆ ಮಾಡಿಕೊಳ್ಳುತ್ತೆ. ಆ ಸಿದ್ಧತೆಯಲ್ಲಿ ಒಂದು ಕೆಲಸ, ಈ ದೇಹಕ್ಕೆ ಎಷ್ಟು ರೇಡಿಯೊ ಶಕ್ತಿ ಕೊಟ್ಟರೆ ಸ್ಪಿನ್‌ಗಳು ಬೇಕಾದಷ್ಟು ತಿರುಗ್ತಾವೆ ಅಂತ ಅಳೆಯೋದು. ತೆಳ್ಳಗಿನವರಿಗೂ ದಪ್ಪಗಿನವರಿಗೂ ಅಂಕಿ ಬೇರೆ. ಅಂದಾಜಿನಲ್ಲಿ ಹೆಚ್ಚು ಕೊಡೋ ಹಾಗಿಲ್ಲ. ಅದೇ ಹೊತ್ತಿನಲ್ಲಿ ಎರಡು ಪಟ್ಟು ಕೋನ ತಿರುಗಿಸೋಕೆ ನಾಲ್ಕು ಪಟ್ಟು ಶಕ್ತಿ ಬೇಕು, ಅದರಲ್ಲಿ ಒಂದು ಪಾಲು ದೇಹವನ್ನು ಬಿಸಿ ಮಾಡುತ್ತೆ. ಅದಕ್ಕೇ ಅದಕ್ಕೊಂದು ಮಿತಿ ಇಟ್ಟಿದ್ದಾರೆ.

ಕೊನೆಯದಾಗಿ ವಿಜ್ಞಾನ ಕಾಲೇಜುಗಳ ವಿದ್ಯಾರ್ಥಿಗಳಿಗೆ, ಔಷಧ ಕಂಪನಿಗಳ ಲ್ಯಾಬ್‌ನಲ್ಲಿ ಕೆಲಸ ಮಾಡೋರಿಗೆ ನಾಲ್ಕು ಮಾತು. ಇವತ್ತಿನ ಯಂತ್ರಗಳಲ್ಲಿ ಒಂದು ಬಟನ್ ಒತ್ತಿದರೆ 90 ಡಿಗ್ರಿ ಪಲ್ಸ್ ಎಷ್ಟು ಅಂತ ಕ್ಷಣದಲ್ಲಿ ಬರುತ್ತೆ. ಒತ್ತಿ, ತಪ್ಪೇನಿಲ್ಲ. ಆದರೆ ಹೊಸ ದ್ರಾವಕ, ಉಪ್ಪು ಹೆಚ್ಚಿರೋ ಮಾದರಿ ಬಂದಾಗ ಒಂದು ಸಲ ಕೈಯಾರೆ ಅಳೆಯಿರಿ. ಮೊದಲು ಟ್ಯೂನ್ ಮಾಡಿ. ರೇಡಿಯೊ ಆವರ್ತನವನ್ನು ನೀವು ಅಳೆಯೋ ಮೊನೆಯ ಮೇಲೇ ತಂದು ಕೂರಿಸಿ. ಲಯ ತಪ್ಪಿದರೆ ಮುಳ್ಳು ನೆಟ್ಟಗೆ ತಿರುಗೋದಿಲ್ಲ, ಓರೆಯಾಗುತ್ತೆ. ಪೂರ್ತಿ ಶಕ್ತಿಯಲ್ಲಿ ಬಹಳ ಉದ್ದದ ಪಲ್ಸ್ ಕೊಡಬೇಡಿ, ಪ್ರೋಬ್ ಕೆಡುತ್ತೆ. ಅಲೆಯನ್ನು ಒಮ್ಮೆ ಪೂರ್ತಿ ನೋಡಿ, ಆಮೇಲೆ 360ರ ಸೊನ್ನೆ ಹುಡುಕಿ, ನಾಲ್ಕರಿಂದ ಭಾಗಿಸಿ. ಸಿಕ್ಕ ಅಂಕಿಯನ್ನು ಮಾದರಿಯ ಹೆಸರಿನ ಪಕ್ಕದಲ್ಲೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದೆ ಪ್ರಮಾಣದ ಲೆಕ್ಕ ಹೊಂದದೆ ಹೋದಾಗ ಮೊದಲು ನೋಡಬೇಕಾದ ಅಂಕಿ ಅದು.

ಯಂತ್ರ ಸಿಗದವರೂ ಇದನ್ನು ನೋಡಬಹುದು. ಡೆನ್ಮಾರ್ಕಿನ ಲಾರ್ಸ್ ಹ್ಯಾನ್ಸನ್ ರೂಪಿಸಿದ ಬ್ಲಾಕ್ ಸಿಮ್ಯುಲೇಟರ್ ಅಂತ ಒಂದಿದೆ, ಬ್ರೌಸರ್‌ನಲ್ಲೇ ಉಚಿತವಾಗಿ ತೆರೆಯುತ್ತೆ. ಅದರಲ್ಲಿ 90 ಡಿಗ್ರಿ ಪಲ್ಸ್ ಒತ್ತಿ ನೋಡಿ, ಬಾಣ ಮಲಗೋದು ಕಾಣುತ್ತೆ. ಸುತ್ತುವ ಚೌಕಟ್ಟಿಗೆ ಬದಲಿಸಿ ನೋಡಿ. ಜಾತ್ರೆಯ ಮರದ ಕುದುರೆ ಹತ್ತಿದ ಹಾಗೇ ಇರುತ್ತೆ.

ಇವತ್ತಿಗೆ ಇಷ್ಟು. ಅನುಮಾನಗಳಿದ್ದರೆ ಬರೆದು ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ತೆಗೆದುಕೊಳ್ಳೋಣ.